ತೊಳೆದ ಮರಳು

ಹಸಿರು ನೀರಿನ ಮೇಲೆ ತೇಲುವ ಒಂದೇ ಒಂದು ಬಿಳಿ ಅರಳು. ನನ್ನತ್ತೆ ಕೊಟ್ರಮ್ಮನವರನ್ನು ನೆನೆದಾಗಲೆಲ್ಲ ಮೊದಲು ಕಾಣುವುದು ಅದೇ.

ನಮ್ಮದು ಮಂಡಕ್ಕಿ ಭಟ್ಟಿ. ಆ ವರ್ಷ ಮಹಡಿಯ ಕೋಣೆಯಲ್ಲಿ ಜಪಾನಿನ ಫುಮಿಯೆ ಎಂಬವಳು ಇದ್ದಳು. ಊರಿನ ಹೆಂಗಸರಿಗೆ ಕೈಕಾಗದ ಮಾಡುವುದನ್ನು ಕಲಿಸಲು ಬಂದವಳು. ಹೊರಡುವ ವಾರ ಅವಳು ಡಬ್ಬಿಯ ತಳದಲ್ಲಿ ಉಳಿದಿದ್ದ ಹಸಿರು ಚಹಾದೆಲೆ ತೋರಿಸಿ, "ನಮ್ಮಮ್ಮ ಇದಕ್ಕೆ ಹುರಿದ ಅಕ್ಕಿ ಸೇರಿಸ್ತಿದ್ದರು. ಅವರು ಹೋದಮೇಲೆ ಆ ರುಚಿ ಸಿಕ್ಕಿಲ್ಲ," ಎಂದಳು.

"ಅಕ್ಕಿ ಹುರಿಯೋರ ಮನೇಲಿ ಕೂತ್ಕಂಡು ಇದೇನ್ ಮಾತವ್ವಾ!" ಎಂದು ಅತ್ತೆ ಡಬ್ಬಿಯನ್ನೇ ಕಿತ್ತುಕೊಂಡರು. ಎಲೆ ಮೂರು ಲೋಟಕ್ಕಾಗುವಷ್ಟಿತ್ತು.

ಮೊದಲ ಲೋಟವನ್ನು ಫುಮಿಯೆ ಪೂರ್ತಿ ಕುಡಿದು, ತಲೆಬಾಗಿ, "ಚೆನ್ನಾಗಿದೆ," ಎಂದಳು.

ಅವಳು ಮೆಟ್ಟಿಲು ಹತ್ತಿದ ಮೇಲೆ ಅತ್ತೆ, "ಬೀಗರ ಮನೆ ಊಟ ಹೊಗಳಿದಂಗೆ ಹೊಗಳಿದ್ಲು. ಇನ್ನೊಂದು ಕೇಳ್ಲಿಲ್ಲ, ನೋಡ್ದೇನು?" ಎನ್ನುತ್ತ ಲೋಟದ ತಳದ ಕಾಳನ್ನು ಬಾಯಿಗೆ ಹಾಕಿಕೊಂಡರು. ಉಪ್ಪು! ಮಂಡಕ್ಕಿಗೆ ಮಾಡುವ ಹಾಗೆಯೇ ಹುರಿಯುವ ಮುಂಚೆ ಅಕ್ಕಿಗೆ ಉಪ್ಪುನೀರು ಚಿಮುಕಿಸಿದ್ದರು. ಕೈ ತನ್ನ ಪಾಡಿಗೆ ಮಾಡಿಬಿಟ್ಟಿದ್ದ ಕೆಲಸ.

ಎರಡನೆಯ ಸಲ ಉಪ್ಪು ಮುಟ್ಟಲಿಲ್ಲ. ಆದರೂ ಉಪ್ಪು. ಫುಮಿಯೆ ಮತ್ತೆ "ಚೆನ್ನಾಗಿದೆ" ಎಂದಳು.

ಅತ್ತೆ ಭಟ್ಟಿಯ ಮುಂದೆ ಕುಳಿತು, ಕಾಯಿಸಿ ಅಕ್ಕಿ ಹುರಿಯುವ ಮರಳಿನಿಂದ ಒಂದು ಚಿಟಿಕೆ ತೆಗೆದು ನಾಲಿಗೆಗಿಟ್ಟುಕೊಂಡರು. ಅವರ ಅತ್ತೆ ಬಿಟ್ಟುಹೋದ ಮರಳು ಅದು. ಮೂವತ್ತು ವರ್ಷ ಉಪ್ಪಕ್ಕಿ ಹುರಿದು ಹದವಾದದ್ದು. ನನಗೆ ಮುಟ್ಟಲೂ ಬಿಟ್ಟಿರಲಿಲ್ಲ.

"ಬಾಣಲೇಲಿ ಹುರಿದ್ರಾಯ್ತಲ್ಲ ಅತ್ತೆ?" ಎಂದೆ.

"ಬೆಳಿಗ್ಗೇನೇ ಹುರಿದು ನೋಡ್ದೆ. ಒಂದು ಕಾಳು ಕಪ್ಪು, ಒಂದು ಹಸಿ. ಹೊಸ ಮರಳು ತಂದ್ರೆ ಮಣ್ಣು ವಾಸನೆ. ಎತ್ತು ಬುಟ್ಟಿ."

ಹೊಳೆಯಲ್ಲಿ ಮೊಳಕಾಲುದ್ದ ನೀರಿಗಿಳಿದು ಆ ಮರಳನ್ನು ಏಳು ಸಲ ತೊಳೆದೆವು. ಬಟ್ಟೆ ಒಗೆಯುತ್ತಿದ್ದ ನೆರೆಮನೆಯ ಹಾಲಮ್ಮ ನಕ್ಕಳು: "ಏನ್ ಕೊಟ್ರಕ್ಕಾ, ಮರಳಿಗೆ ಜಳಕ ಮಾಡಿಸ್ತಿದೀಯಾ?"

"ಹ್ಞೂ ಕಣೇ. ನಾಳೆ ಸೀರೆ ಉಡಿಸ್ತೀನಿ, ಕುಬುಸದ ಬಟ್ಟೆ ನೀನು ತಗಂಬಾ."

ಪ್ರತಿ ಸಲವೂ ಅತ್ತೆ ಮರಳನ್ನು ನೆಕ್ಕಿ ನೋಡಿ, ಉಗುಳಿ, "ಇನ್ನೊಂದ್ಸಲ," ಎನ್ನುತ್ತಿದ್ದರು. ಏಳನೆಯ ಸಲ ನೆಕ್ಕಿದವರೇ ಬುಟ್ಟಿಯನ್ನು ನನ್ನ ತಲೆಗೆ ಹೊರಿಸಿದರು.

ಫುಮಿಯೆ ಹೊರಡುವ ಬೆಳಿಗ್ಗೆ, ಅತ್ತೆ ಡಬ್ಬಿ ಕೊಡವಿ ಕೊನೆಯ ಎಲೆಯನ್ನು ಲೋಟಕ್ಕೆ ಹಾಕಿದರು. ತೊಳೆದ ಮರಳಿನಲ್ಲಿ ಕೆಂಪಗೆ ಹುರಿದ ಅಕ್ಕಿಯ ನಡುವೆ ಒಂದೇ ಕಾಳು ಅರಳಿತ್ತು. ಫುಮಿಯೆ ಕುಡಿದಳು. ಚೆನ್ನಾಗಿದೆ ಎನ್ನಲಿಲ್ಲ. ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ಅಮ್ಮ, ಇನ್ನೊಂದು."

ಎಲೆ ಮುಗಿದಿತ್ತು. ಅತ್ತೆ ಅದೇ ಎಲೆಯ ಮೇಲೆ ಮತ್ತೆ ಬಿಸಿನೀರು ಹೊಯ್ದರು. ಲೋಟದ ತಳಕ್ಕೆ ಅಂಟಿಕೊಂಡಿದ್ದ ಅರಳು ಕದಲಿತು; ನಿಧಾನವಾಗಿ ಮೇಲೆ ಬಂದು ನಿಂತಿತು.