ಕಣ್ಣ ಮೇಲಿನ ಪಟ್ಟೆ

ಕಪ್ಪು ಪಟ್ಟೆಯೊಂದು ‘ಫಲಿತಾಂಶ’ ಎಂಬ ಪದದ ಮೇಲೆ ಅಡ್ಡಡ್ಡ ಮಲಗಿದೆ, ಇದೇನು ಇಲ್ಲಿ, ಯಾರೋ ಇದ್ದಿಲಿನಲ್ಲಿ ಗೀಚಿದ ಹಾಗೆ, ಪರದೆಗೇ ಏನಾದರೂ ಮೆತ್ತಿಕೊಂಡಿರಬೇಕೆಂದು ಅವಳು ಉಗುರಿನಿಂದ ಕೆರೆದೂ ನೋಡಿದಳು, ಹೋಗಲಿಲ್ಲ — ಅರ್ಜಿ ಕಳಿಸಿಯಾದ ಮೇಲೆ ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಿಕೊಂಡು ಬರುವುದು ಅವಳ ಪದ್ಧತಿ, ಮುಂದಿನಿಂದ ಓದಿದರೆ ಕಣ್ಣು ಇರಬೇಕಾದ್ದನ್ನೇ ಓದಿಬಿಡುತ್ತದೆ, ಇರುವುದನ್ನಲ್ಲ, ವೈದ್ಯಕೀಯ ಕಾಲೇಜಿನ ಈ ಅನುದಾನದ ಕಚೇರಿಯಲ್ಲಿ ಕೂತು ಡಾಕ್ಟರುಗಳ ಸಂಶೋಧನಾ ಅರ್ಜಿಗಳನ್ನು ತಿದ್ದಿ ತಿದ್ದಿ ಅವಳು ಕಲಿತದ್ದು ಇದೊಂದೇ, ಎದುರು ಮೇಜಿನ ಹಿರಿಯ ಗುಮಾಸ್ತರು, ಏನು ಕೇಳಿದರೂ ಆಗತ್ತೆ ಬಿಡಿ ಅಂದು ಅಂದು ಇಡೀ ಕಾಲೇಜಿಗೆ ಆಗತ್ತೆಬಿಡಿ ಆಗಿಬಿಟ್ಟವರು, ಅದಕ್ಕೆ ನಗುತ್ತಾರೆ, ಕಳಿಸಿದ್ಮೇಲೆ ಓದೋದು ಅಂದ್ರೆ ಕೈ ತೊಳ್ಕೊಂಡ್ಮೇಲೆ ಉಪ್ಪಿನ ಡಬ್ಬಿ ಹುಡುಕಿದ ಹಾಗೆ ಮೇಡಂ, ನಗಲಿ — ಕಳಿಸಿಯಾಗಿತ್ತು, ಸ್ವೀಕರಿಸಲಾಗಿದೆ ಎಂಬ ಹಸಿರು ಸಾಲೂ ಬಂದಾಗಿತ್ತು, ಐದು ಗಂಟೆಗೆ ಮುಚ್ಚುವ ಬಾಗಿಲಿನೊಳಗೆ ಅರ್ಧ ಗಂಟೆ ಮೊದಲೇ ನುಗ್ಗಿದ ಸಮಾಧಾನದಲ್ಲಿ ಒಂದು ಲೋಟ ಚಹಾಕ್ಕೆ ಏಳಬೇಕೆಂದಿದ್ದಳು, ಆದರೆ ಈ ಪಟ್ಟೆ ಇಲ್ಲಿದ್ದರೆ, ಇದು ಇಲ್ಲಿದ್ದರೆ ಅಲ್ಲಿ ಏನಿದೆ, ಮನಸ್ಸು ಪೂರ್ತಿ ಕೇಳಿಕೊಳ್ಳುವ ಮೊದಲೇ ಬೆರಳು ಹಿಂದಿನ ಪುಟಕ್ಕೆ ಸರಿಯಿತು — ಕಣ್ಣುಗಳು, ಹುಡುಗಿಯ ಎರಡೂ ಕಣ್ಣುಗಳು, ಏನೂ ಮುಚ್ಚದ, ನೇರ ಇವಳನ್ನೇ ನೋಡುವ ಕಣ್ಣುಗಳು.

ಈ ಅರ್ಜಿಯ ಡಾಕ್ಟರ್ ಸರ್ ಎರಡು ಸಾಲು ಸೇರಿಸಿದರಲ್ಲ, ಅದೇ, ಆಪರೇಷನ್ನಿಗೆ ಒಳಗೆ ಹೋಗುವ ಮೊದಲು ಫೋನಿನಲ್ಲೇ ತಿದ್ದಿ, ಇಷ್ಟೇ ನೋಡಿ ಮೇಡಂ, ಇನ್ನು ನಾನು ಮುಟ್ಟೋದಿಲ್ಲ ಎಂದು ಕಳಿಸಿದ್ದು, ಎರಡು ಸಾಲು ಕೆಳಗೆ ತಳ್ಳಿದ್ದಕ್ಕೆ ಪಟ್ಟೆ ಚಿತ್ರವನ್ನು ಬಿಟ್ಟು ಜಾರಿಕೊಂಡು ಮುಂದಿನ ಪುಟಕ್ಕೆ ಹೋಗಿ ಕೂತಿದೆ, ಪಟ್ಟೆಯನ್ನು ಚಿತ್ರಕ್ಕೆ ಅಂಟಿಸಿ ಒಂದೇ ಮಾಡಬೇಕಿತ್ತು, ಅವಳು ಸುಮ್ಮನೆ ಮೇಲಿಟ್ಟಿದ್ದಳು, ಮೇಜಿನ ಮೇಲೆ ಕನ್ನಡಕ ಇಟ್ಟ ಹಾಗೆ, ಸರ್ ತಪ್ಪಲ್ಲ, ತಪ್ಪೆಲ್ಲ ತನ್ನದೇ — ಬಿಸಿನೀರಿನ ಹಂಡೆ ಮಗುಚಿಕೊಂಡ ಹುಡುಗಿ, ಗದ್ದ ಹೋಗಿ ಎದೆಗೆ ಅಂಟಿಕೊಂಡಿತ್ತು, ಎರಡು ವರ್ಷ ನೆಲವನ್ನೇ ನೋಡಿಕೊಂಡು ನಡೆದವಳು, ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮ ಹಾಕಿ ಸರ್ ಕುತ್ತಿಗೆ ಬಿಡಿಸಿದ ಮೇಲೆ ಮೊದಲ ಸಲ ಗದ್ದ ಎತ್ತಿದಾಗ ತೆಗೆದ ಚಿತ್ರ ಅದು, ಅದನ್ನು ಅರ್ಜಿಯಲ್ಲಿ ಹಾಕಲು ಒಪ್ಪಿಗೆ ಕೇಳಿಕೊಂಡು ತಾನೇ ವಾರ್ಡಿಗೆ ಹೋಗಿದ್ದಳು, ಹುಡುಗಿಯ ತಾಯಿ ಮಂಚದ ಕಂಬಿ ಹಿಡಿದುಕೊಂಡು ನಿಂತೇ ಇದ್ದಳು, ಅಕ್ಕಾ, ಫೋಟೋದಲ್ಲಿ ಕುತ್ತಿಗೆ ತೋರ್ಸಿ, ಕೈ ತೋರ್ಸಿ, ಎಷ್ಟು ಬೇಕಾದ್ರೂ ತೋರ್ಸಿ, ಕಣ್ಣು ಮಾತ್ರ ಬೇಡ, ಕಣ್ಣು ನೋಡಿದ್ರೆ ಯಾರಾದ್ರೂ ಗುರುತು ಹಿಡೀತಾರೆ, ನಾಳೆ ಇವಳು ದೊಡ್ಡೋಳಾಗ್ತಾಳೆ, ಎಲ್ಲಿ ಹೋದ್ರೂ ಅವಳೇ ಅಲ್ವಾ ಇವಳು ಅನ್ನಬಾರದು, ಇಲ್ಲಮ್ಮ, ಕಣ್ಣು ಬರಲ್ಲ, ನನ್ನ ಮೇಲೆ ನಂಬಿಕೆ ಇಡಿ ಅಂದಿದ್ದು ಯಾರು, ತಾನೇ, ಹುಡುಗಿ ಮಾತ್ರ ಮುಖ ಊದಿಸಿಕೊಂಡಿದ್ದಳು, ಕಣ್ಣು ಯಾಕೆ ಮುಚ್ತೀರ ಆಂಟಿ, ನಾನೇನ್ ಕಳ್ಳೀನಾ.

ಹಿಂಪಡೆಯಬಹುದು, ಹಿಂಪಡೆದರೆ ಹೋಗಿರುವ ಅರ್ಜಿ ಅಳಿಸಿಹೋಗುತ್ತದೆ, ಹೊಸದಾಗಿ ಎಲ್ಲ ಏರಿಸಬೇಕು, ಕೊನೆಯ ಗಳಿಗೆಯಲ್ಲಿ ಎಲ್ಲ ಕಾಲೇಜುಗಳೂ ಮುಗಿಬಿದ್ದು ಅನುದಾನದ ಜಾಲತಾಣ ಈಗಲೇ ಏದುಸಿರು ಬಿಡುತ್ತಿದೆ, ಐದರೊಳಗೆ ಮುಗಿಯದಿದ್ದರೆ ಇದೂ ಇಲ್ಲ ಅದೂ ಇಲ್ಲ, ಮತ್ತೆ ಅರ್ಜಿ ಕರೆಯುವುದು ಮೂರು ವರ್ಷಕ್ಕೆ, ಅಷ್ಟರಲ್ಲಿ ಚರ್ಮ ಬೆಳೆಸುವ ಪ್ರಯೋಗಾಲಯಕ್ಕೆ ಬೀಗ, ವಾರ್ಡಿನಲ್ಲಿ ಸರದಿ ಕಾಯುತ್ತಿರುವ ಮಕ್ಕಳು, ಬೆರಳು ಬೆರಳಿಗೆ ಅಂಟಿಕೊಂಡವು, ಮೊಣಕೈ ಮಡಚಿಯೇ ಉಳಿದವು, ಅವುಗಳ ಗತಿ — ಆಗತ್ತೆಬಿಡಿ ಎದ್ದು ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾರೆ, ಅಯ್ಯೋ ಇಷ್ಟೇನಾ, ಯಾರು ನೋಡ್ತಾರೆ ಮೇಡಂ, ನಾಲ್ಕು ಜನ ಮುದುಕ ಪ್ರೊಫೆಸರ್‌ಗಳು ಬಿಸ್ಕತ್ತು ತಿಂತಾ ಪುಟ ತಿರುಗಿಸ್ತಾರೆ, ಆಯ್ಕೆಯಾದ್ರೆ ಅರ್ಜಿನ ಜಾಲತಾಣದಲ್ಲಿ ಹಾಕ್ತಾರಲ್ಲ ಸರ್, ಊರೆಲ್ಲ ನೋಡತ್ತೆ ಅಂದಳು ಇವಳು, ಆವಾಗ ಒಂದು ಪತ್ರ ಬರೆದು ತೆಗೆಸಿದ್ರಾಯ್ತು, ಆಗತ್ತೆ ಬಿಡಿ, ತೆಗೆಸುವುದರೊಳಗೆ ಯಾರ ಯಾರ ಫೋನಿಗೆ ಹೋಗಿರುತ್ತದೋ, ನೀರಿಗೆ ಬಿದ್ದ ಶಾಯಿಯನ್ನು ಚಮಚದಲ್ಲಿ ಎತ್ತುತ್ತಾರಂತೆ, ಸುಮ್ಮನಿರಿ ಸರ್, ಒಂದು ನಿಮಿಷ ಸುಮ್ಮನಿರಿ — ಬಿಟ್ಟುಬಿಟ್ಟರೆ ಆ ತಾಯಿಗೆ ಗೊತ್ತೂ ಆಗುವುದಿಲ್ಲ, ಹಿಂಪಡೆದರೂ ಗೊತ್ತಾಗುವುದಿಲ್ಲ, ಎರಡನ್ನೂ ಹೊರಬೇಕಾದವಳು ತಾನೊಬ್ಬಳೇ, ಮನೆಯಲ್ಲಿ ಮಗಳದೂ ಇದೇ ಜಗಳ, ಕೇಳದೆ ನನ್ನ ಫೋಟೋ ಚಿಕ್ಕಮ್ಮಂಗೆಲ್ಲ ಯಾಕೆ ಕಳಿಸ್ತೀಯಮ್ಮ, ಮುಖ ನಂದಲ್ವಾ, ಆವತ್ತು ನಕ್ಕುಬಿಟ್ಟಿದ್ದಳು, ಈಗ ನಗು ಬರುತ್ತಿಲ್ಲ, ಆಪರೇಷನ್ ಥಿಯೇಟರಿಗೆ ಫೋನು ಮಾಡಿದಳು, ಸರ್ ಕೈಯಲ್ಲಿ ಕತ್ತರಿಯಿದೆ, ಅವರ ಫೋನು ಸಿಸ್ಟರ್ ಜೇಬಿನಲ್ಲಿ, ಹೇಳಿ ಮೇಡಂ, ಸಿಸ್ಟರ್, ಸರ್‌ಗೆ ಹೇಳಿ, ಮಗು ಕಣ್ಣು ಕಾಣಿಸ್ತಿದೆ, ಅರ್ಜಿ ವಾಪಸ್ ತೊಗೊಂಡು ಮತ್ತೆ ಹಾಕ್ಬೇಕು, ಐದರೊಳಗೆ ಆಗತ್ತಾ ಅಂತ ಸರ್ ಕೇಳ್ತಿದಾರೆ, ಗೊತ್ತಿಲ್ಲ ಅಂತ ಹೇಳಿ, ಆಚೆ ಯಂತ್ರ ಟುಂಯ್ ಟುಂಯ್ ಅನ್ನುತ್ತಿದೆ, ಏನಂದ್ರು ಸಿಸ್ಟರ್, ಹೊಲಿಗೆ ಹಾಕ್ತಿದಾರೆ ಮೇಡಂ, ಹಾಂ, ಆ ತಾಯಿ ಹತ್ರ ಮಾತಾಡಿದ್ದು ನೀವಂತೆ, ನೀವೇ ನೋಡಿ ಅಂತಿದಾರೆ.

ನೀವೇ ನೋಡಿ, ನೋಡುತ್ತಲೇ ಇದ್ದಾಳೆ, ಕಣ್ಣುಗಳೂ ಇವಳನ್ನು ನೋಡುತ್ತಿವೆ, ಹಿಂಪಡೆ ಎಂಬುದನ್ನು ಒತ್ತಿದಳು, ಖಚಿತವೇ ಎಂದು ಕೇಳಿತು, ಮತ್ತೆ ಒತ್ತಿದಳು, ಹಸಿರು ಸಾಲು ಮಾಯವಾಯಿತು, ಆಗತ್ತೆಬಿಡಿ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು, ಪಟ್ಟೆಯನ್ನು ಎಳೆದು ತಂದು ಕಣ್ಣ ಮೇಲಿಟ್ಟು ಈ ಸಲ ಚಿತ್ರಕ್ಕೇ ಅಂಟಿಸಿದಳು, ಪುಟ ಹಿಂದೆ ಮುಂದೆ ಮಾಡಿ ನೋಡಿದಳು, ಅಲುಗಲಿಲ್ಲ, ಏರಿಸು, ಅರ್ಜಿ ಏರಿತು, ಒಪ್ಪಿಗೆ ಪತ್ರಗಳು ಏರುತ್ತಿವೆ, ಏರುತ್ತಲೇ ಇವೆ, ಚಕ್ರ ಸುತ್ತುತ್ತಿದೆ, ಬೇಗ ಬಾರೋ ಮಾರಾಯ, ಏರಿತು, ಇನ್ನು ಸರ್ ಫೋನಿಗೆ ಬರುವ ಓಟಿಪಿ ಸಂಖ್ಯೆ ಹಾಕಿದರೆ ಮುಗಿಯಿತು, ಸಿಸ್ಟರ್, ಸಂಖ್ಯೆ ಬಂತಾ, ಇಲ್ಲ ಮೇಡಂ, ನೋಡಿ ಸಿಸ್ಟರ್, ನೋಡ್ತಾನೇ ಇದೀನಿ ಮೇಡಂ, ಯಾವುದೋ ಸಾಲದ ಜಾಹೀರಾತು ಬಂತು, ಇಲ್ಲಿ ಗೋಡೆಯ ಒಳಗೆ ಸಿಗ್ನಲ್ ಕಮ್ಮಿ, ಮೆಸೇಜ್ ಬರೋದು ತಡ, ಹಾಗಾದ್ರೆ ಹೊರಗೆ ಓಡಿ, ದಮ್ಮಯ್ಯ, ಸಿಸ್ಟರ್‌ನ ಚಪ್ಪಲಿಯ ಪಟಪಟ ಸದ್ದು, ಬಾಗಿಲು, ಬಂತು ಮೇಡಂ, ಬರ್ಕೊಳ್ಳಿ, ಎಂಟು, ಸೊನ್ನೆ, ಮೂರು, ಅವಸರಕ್ಕೆ ಮೂರು ಎರಡು ಸಲ ಬಿತ್ತು, ಅಳಿಸಿದಳು, ಮತ್ತೆ ಹೇಳಿ, ಎಂಟು, ಸೊನ್ನೆ, ಮೂರು, ಒಂದು, ಹಾಕಿದಳು, ಒತ್ತಿದಳು, ಚಕ್ರ ಸುತ್ತಿತು, ಪರದೆ ಬೆಳ್ಳಗಾಯಿತು, ಬೆಳ್ಳಗೇ ಇತ್ತು — ಆಮೇಲೆ ಒಂದೇ ಸಾಲು, ಸಲ್ಲಿಕೆಯ ಅವಧಿ ಮುಗಿದಿದೆ.

ಪಕ್ಕದ ಕೋಣೆಯಲ್ಲಿ ಯಾರೋ ಚೀಲದ ಜಿಪ್ಪು ಎಳೆಯುತ್ತಿದ್ದಾರೆ, ಮನೆಗೆ ಹೊರಡುವ ಹೊತ್ತು, ಆಗತ್ತೆಬಿಡಿ ಈ ಕಡೆ ನೋಡುತ್ತಿದ್ದಾರೆ, ಆಗತ್ತೆ ಬಿಡಿ ಎಂಬ ಆ ಮಾತು ಅವರಿಗೂ ಬರಲಿಲ್ಲ, ಫೋನಿನಲ್ಲಿ ಸಿಸ್ಟರ್, ಮೇಡಂ ಇದೀರಾ, ಒಳಗೆ ಬಂದೆ, ಹೊಲಿಗೆ ಮುಗೀತು, ಸರ್ ಕೈ ತೊಳೀತಿದಾರೆ, ಕೇಳ್ತಿದಾರೆ, ಏನು ಹೇಳ್ಲಿ, ಹೇಳಬೇಕು, ಬಾಯಿ ಬಿಟ್ಟು ಹೇಳಬೇಕು, ಪ್ರಯೋಗಾಲಯದವರಿಗೂ ಹೇಳಬೇಕು, ಆ ಮಕ್ಕಳಿಗೆ ಹೇಳುವುದು ಯಾರು, ಮೇಡಂ, ಮೇಡಂ, ಕೇಳಿಸ್ತಿದ್ಯಾ, ಕೇಳಿಸುತ್ತಿದೆ, ಯಾರಿಗೂ ತಲುಪದ ಆ ಪುಟ ಪರದೆಯ ಮೂಲೆಯಲ್ಲಿ ಇನ್ನೂ ತೆರೆದೇ ಇದೆ, ಎತ್ತಿದ ಗದ್ದ, ಉದ್ದನೆಯ ಕುತ್ತಿಗೆ, ಕಿವಿಯಿಂದ ಕಿವಿಗೆ ನಗು, ಅದರ ಮೇಲೆ ಎಳ್ಳಷ್ಟೂ ಜಾರದ ಕಪ್ಪು ಪಟ್ಟೆ, ಪಟ್ಟೆಯ ಹಿಂದೆ ಕಣ್ಣುಗಳು, ಅವಳೊಬ್ಬಳಿಗೇ ಕಾಣುವ ಕಣ್ಣುಗಳು, ಎರಡು ಕಣ್ಣುಗಳು —