ಸವಾಲಿಗೆ ಬಿದ್ದ ಹೊಲ

ಸೋಸಿದ ನೀರು ಕೊಡದ ಕಂಠಕ್ಕೆ ಬಂದಿತ್ತು. ಸುಂದರಾಬಾಯಿ ಸೋಸುವ ಬಟ್ಟೆಯನ್ನು ಬಿಚ್ಚಿ, ಅದಕ್ಕೆ ಹತ್ತಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು, ಅದೇ ಬಾವಿಯ ನೀರಿಗೆ ಮೆಲ್ಲಗೆ ತೊಳೆದು ಬಿಡುತ್ತಿದ್ದಳು. ಬಾಜೂ ಮನೆಯ ಕಮಲಾಬಾಯಿ ಹಗ್ಗ ಇಳಿಬಿಡುತ್ತ ನಕ್ಕಳು.

"ವೈನಿ, ಇನ್ನ ನಿಮ್ಮನ್ನ ಮಾತಾಡ್ಸಾಕ ಅಪ್ಪಣಿ ಬೇಕಲ್ರಿ! ಕಾಲೇಜಿನ ಬಾಗಿಲ ಮ್ಯಾಲ ನಿಮ್ಮನಿಯವ್ರ ಹೆಸರು ಕೆತ್ತಸ್ತಾರಂತ."

"ಯಾಕವಾ?"

"ಅಯ್ಯ, ನಿಮಗ ಹೇಳಿಲ್ಲೇನ್ರಿ? ನಿನ್ನೆ ಸಭಾದಾಗ ಸವಾಲ ಗೆದ್ರಂತ. ನಿಮ್ಮ ಅರಿಷಿಣ-ಕುಂಕುಮದ ಹೊಲದಾಗ ಇನ್ನ ಹುಡುಗ್ರು ಚಡ್ಡಿ ಹಾಕ್ಕೊಂಡು ಓಡತಾರ ನೋಡ್ರಿ!"

ಸುಂದರಾಬಾಯಿ ಎಂದೂ ಹಿಂಡಬಾರದ ಆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿಬಿಟ್ಟಳು. ಹಿಂಡಿದ್ದು ಅವಳಿಗೆ ತಿಳಿಯಲೇ ಇಲ್ಲ.

ಗೋಕಾಕದ ಹೊರಗೆ ಹೊಸ ಕಾಲೇಜು ಎದ್ದು ಎರಡು ವರ್ಷವಾಗಿತ್ತು. ಆಟದ ಬಯಲು, ಕುಸ್ತಿಯ ಕಣ, ಜಿಮಖಾನಾ ಕಟ್ಟಬೇಕೆಂದು ಕಾಲೇಜಿನ ಸಂಘದವರು ಹುಕ್ಕೇರಿ, ಯಮಕನಮರಡಿಯವರೆಗೆ ಅಲೆದು ದೇಣಿಗೆಯ ಪಟ್ಟಿ ಎತ್ತಿದರೂ ಅರ್ಧ ಹಣ ಕೂಡಲಿಲ್ಲ. ಆಗ ಯಾರಿಗೋ ಬಸದಿಯ ಪದ್ಧತಿ ಹೊಳೆಯಿತು. ಬಸದಿಯಲ್ಲಿ ಮೊದಲ ಕಲಶದ ಅಭಿಷೇಕಕ್ಕೆ ಹರಾಜಿನಂತೆ ಸವಾಲು ಹಿಡಿಯುತ್ತಾರೆ. ಹೆಚ್ಚು ಕೂಗಿದವರಿಗೆ ಆ ಮಾನ. ಬಾಗಿಲ ಮೇಲಿನ ಹೆಸರಿಗೂ ಹಾಗೆಯೇ ಸವಾಲು ಹಚ್ಚಿದರು. ಹನ್ನೆರಡು ವರ್ಷದಿಂದ ಮೊದಲ ಕಲಶವನ್ನು ಯಾರಿಗೂ ಬಿಟ್ಟುಕೊಡದ ಅವಳ ಗಂಡ ಬಾಪುಸಾಹೇಬ, ವ್ಯಾಪಾರಿ ಆದಿನಾಥ ಮೂರು ಸಾವಿರ ಎಂದು ಕೂಗಿದೊಡನೆ, ಕಾಲೇಜಿನ ಬೇಲಿಗೆ ಹತ್ತಿಕೊಂಡಿದ್ದ ನಾಲ್ಕೆಕರೆ ಹೊಲ ಎಂದು ಕೂಗಿಬಿಟ್ಟಿದ್ದ.

ಆ ನಾಲ್ಕೆಕರೆ ಅವನದಲ್ಲ. ಲಗ್ನದಲ್ಲಿ ಸುಂದರಾಬಾಯಿಯ ಅಪ್ಪ ಅರಿಷಿಣ-ಕುಂಕುಮಕ್ಕೆಂದು ಮಗಳ ಹೆಸರಿಗೆ ಬರೆದುಕೊಟ್ಟದ್ದು. ಅವಳು ಅದನ್ನು ಜಿನ್ನವ್ವನಿಗೆಂದು ಕಾಯ್ದಿಟ್ಟಿದ್ದಳು. ಒಬ್ಬಳೇ ಮಗಳು, ಹತ್ತೊಂಬತ್ತಕ್ಕೆ ಗಂಡ ಸತ್ತು, ಅತ್ತೆಮನೆಯವರು ಉಟ್ಟ ಸೀರೆಯಲ್ಲೇ ತಿರುಗಿ ಕಳಿಸಿದ್ದರು. ಗಂಡುಮಗನಿಲ್ಲದ್ದರಿಂದ ಈ ಮನೆ, ಅಂಗಡಿ ಎಲ್ಲ ನಾಳೆ ಬಾಪುಸಾಹೇಬನ ಅಣ್ಣನ ಮಕ್ಕಳ ಪಾಲು.

ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತ ಗಂಡನೆದುರು ಅವಳು ಬಾಯಿಬಿಟ್ಟಳು. "ನನ್ನ ಒಂದ ಮಾತ ಕೇಳಬೇಕಾಗಿತ್ತರಿ."

"ಸವಾಲ ನಡುವ ಬಿಟ್ಟು ಮನಿಗೆ ಓಡಿ ಬರಲೇನು?"

"ಜಿನ್ನವ್ವನ ಗತಿ?"

"ನಾ ಇಲ್ಲೇನು?"

"ನೀವಿರೂತನಕ ಖರೆ. ಆಮ್ಯಾಲ?"

"ಆಮ್ಯಾಲ ಅಣ್ಣನ ಮಕ್ಕಳದಾರ. ಎರಡು ರೊಟ್ಟಿ ಹಾಕೂದಿಲ್ಲೇನು?"

ಒಳಗೆ ರೊಟ್ಟಿ ಬಡಿಯುತ್ತಿದ್ದ ಜಿನ್ನವ್ವನ ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಸಪ್ಪಳ ಬಂತು, ಯಾರಿಗೂ ಕೇಳಿಸಬಾರದು ಎಂಬಷ್ಟು ಮೆತ್ತಗೆ. ಸುಂದರಾಬಾಯಿಗೆ ಅದನ್ನು ತಾಳಲಾಗಲಿಲ್ಲ. ತಾಟಿನ ಮುಂದೆಯೇ ಗಂಡನ ಕಾಲು ಹಿಡಿದಳು.

"ನನ್ನ ಕೈಯಾಗಿನ ಬಂಗಾರದ ಪಾಟ್ಲಿ ತಗೋರಿ, ಸರ ತಗೋರಿ, ಎಲ್ಲಾ ಒಯ್ದು ಕೊಡ್ರಿ. ಹೊಲ ಒಂದ ಬಿಡ್ರಿ."

"ಪಾಟ್ಲಿ ಮ್ಯಾಲ ಹುಡುಗ್ರು ಓಡತಾರೇನ? ಏಳು. ಸವಾಲಿನ್ಯಾಗ ಆಡಿದ ಮಾತು ನುಂಗಿ ಬಸದಿ ಮೆಟ್ಟಲಾ ಹೆಂಗ ಹತ್ತಲಿ?" ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ಕೈ ತೊಳೆದು ಎದ್ದವನು ಮಗುವಿಗೆ ಪಾಠ ಹೇಳಿಕೊಡುವಂತೆ ಹೇಳಿದ: "ನಾಳೆ ಕಚೇರಿಗೆ ಹೋಗೂದೈತಿ. ರಿಜಿಸ್ಟ್ರಾರ್ ಸಾಹೇಬ್ರು ಕೇಳತಾರ, 'ಬಾಯಾರ, ನಿಮ್ಮ ಮನಸ್ಸಿಲೆ ಕೊಡಾಕತ್ತೀರೇನ್ರಿ?' ಅಂತ. ಹೌದನ್ನು, ಸಹಿ ಮಾಡು. ಮುಗೀತು."

ಅವನು ಹೊರಗೆ ಹೋದ ಮೇಲೂ ಸುಂದರಾಬಾಯಿ ಕೂತಲ್ಲೇ ಕೂತಿದ್ದಳು. ನಿಮ್ಮ ಮನಸ್ಸಿಲೆ? ಈ ಮನೆಗೆ ಬಂದು ಇಪ್ಪತ್ತೇಳು ವರ್ಷ. ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ನಾಳೆ ಮುಖಪರಿಚಯವಿಲ್ಲದ ಒಬ್ಬ ಅಧಿಕಾರಿ ಕೇಳುತ್ತಾನೆ, ಉತ್ತರ ಬರುವ ತನಕ ಕಾಯುತ್ತಾನೆ. ಇಲ್ಲ ಎಂದರೆ ನಾಲ್ಕು ಮಂದಿಯಲ್ಲಿ ಗಂಡನ ತಲೆ ತಗ್ಗುತ್ತದೆ. ಈ ಮನೆಯ ಬಾಗಿಲು ಮತ್ತೆ ಅವಳಿಗೆ ತೆರೆಯದೆಯೂ ಇರಬಹುದು. ಅದನ್ನೆಲ್ಲ ಒಂದೊಂದಾಗಿ ನೋಡಿದಳು, ಕಣ್ಣು ಮುಚ್ಚಲಿಲ್ಲ.

ಒಳಗಿಂದ ಜಿನ್ನವ್ವ ಕರೆದಳು. "ಅವ್ವಾ, ಹೊತ್ತ ಮುಳಗಾಕತ್ತೈತಿ, ಉಣ್ಣು ಬಾ. ಆಖೇರಿಗೆ ಅಪ್ಪಾ ಏನಂದ್ರು?"

"ಏನಿಲ್ಲ," ಎಂದಳು ಸುಂದರಾಬಾಯಿ. ಆಮೇಲೆ ಬಾಗಿಲಿಗೆ ಬಂದು, ಕಟ್ಟೆಯ ಮೇಲೆ ಕೂತ ಗಂಡನನ್ನು ತಣ್ಣಗೆ ಕೇಳಿದಳು: "ನಾಳೆ ಕಚೇರಿಗೆ ಹೋಗಾಕ ಟಾಂಗಾ ಎಷ್ಟೊತ್ತಿಗೆ ಬರತೈತ್ರಿ?"