ಜೀಪಿನ ಹಿಂದೆ ತಟ್ಟುವವರು

ನಮ್ಮ ಕಡೆ ಹೊಡೆಯದ ವಸ್ತುವಿಲ್ಲ. ತೋಟಕ್ಕೆ ಔಷಧಿ ಹೊಡೆಯುತ್ತಾರೆ, ಕಳೆ ಹೊಡೆಯುತ್ತಾರೆ, ತಿರುವಿನಲ್ಲಿ ಹಾರ್ನ್ ಹೊಡೆಯುತ್ತಾರೆ, ಕೆಲಸವಿಲ್ಲದವರು ಬಣಕಲ್ ಪೇಟೆಯಲ್ಲಿ ಕೂತು ಹರಟೆ ಹೊಡೆಯುತ್ತಾರೆ. ಆ ಹರಟೆಯೊಳಗೆ ನನ್ನ ಗಂಡನ ಹೆಸರೂ ಸೇರಿಕೊಂಡಿತು. ಮುನವ್ವರ್ ಮುದುಕಿಗೆ ಜೀಪ್ ಹೊಡೆದ ಎಂದು ಯಾರಾದರೂ ಅಂದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮಕ್ಕಳ ಮೇಲೆ ಒಂದು ದಿನ ಕೈ ಎತ್ತಿದ ಮನುಷ್ಯನಲ್ಲ ಅವರು. ನಮ್ಮ ಮನೆಯಲ್ಲಿ ಹೊಡೆಯುವ ಕೆಲಸವೇನಿದ್ದರೂ ನನ್ನದೇ.

ಬಾಳೂರಿನಾಚೆಯ ಎಸ್ಟೇಟೊಂದಕ್ಕೆ ಕಾಫಿ ಹಣ್ಣು ಕೊಯ್ಯಲು ಹೋಗುವ ಹೆಂಗಸರನ್ನು ಇವರು ತಮ್ಮ ಜೀಪಿನಲ್ಲಿ ಬೆಳಿಗ್ಗೆ ಬಿಟ್ಟು ಸಂಜೆ ಕರೆತರುತ್ತಿದ್ದರು. ದಾರಿಯಲ್ಲಿ ಒಂದು ಕಡೆ ಹೋದ ಮಳೆಗಾಲ ಧರೆ ಕುಸಿದು ತಿರುವು ಕಿರಿದಾಗಿತ್ತು. ಜೀಪ್ ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ. ಹಿಂದೆ ತೆಗೆದು ಮತ್ತೆ ಮುಂದೆ ಬರಬೇಕು, ಹಿಂದೆ ನೋಡಿದರೆ ಕಮರಿ. ಕನ್ನಡಿಯಲ್ಲಿ ಹೆಂಗಸರ ತಲೆಗಳ ಹೊರತು ಬೇರೇನೂ ಕಾಣುತ್ತಿರಲಿಲ್ಲ.

ಅದಕ್ಕೇ ಹುಚ್ಚಮ್ಮ ಅನ್ನುವ ವಯಸ್ಸಾದವರೊಬ್ಬರು ಅಲ್ಲಿ ಇಳಿದು, ಜೀಪಿನ ಹಿಂದೆ ಪಕ್ಕಕ್ಕೆ ನಿಂತು, ಅಂಗೈಯಿಂದ ತಗಡನ್ನು ತಟ್ಟುತ್ತಿದ್ದರು. ತಟ್ಟುತ್ತಿರುವಷ್ಟು ಹೊತ್ತು ಹಿಂದೆ ಬರಬಹುದು. ತಟ್ಟುವುದು ನಿಂತರೆ ಬ್ರೇಕ್ ಒತ್ತಬೇಕು. ಕೂಗಿದ್ದು ಇಂಜಿನ್ನಿನ ಸದ್ದಿಗೆ ಕೇಳುವುದಿಲ್ಲ, ತಟ್ಟಿದ್ದು ಡ್ರೈವರ್ ಸೀಟಿನವರೆಗೂ ಬರುತ್ತದೆ. ಎಲ್ಲರೂ ಅಜ್ಜಿ ಎನ್ನುತ್ತಿದ್ದ ಹುಚ್ಚಮ್ಮ ಈ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. ತಾನಿಲ್ಲದಿದ್ದರೆ ಮುನವ್ವರನ ಜೀಪು ಎಂದೋ ಕಮರಿಯಲ್ಲಿ ಮನೆ ಮಾಡಿಕೊಳ್ಳುತ್ತಿತ್ತು ಎಂದು ಇವರನ್ನು ಛೇಡಿಸುತ್ತಿದ್ದರಂತೆ.

ಒಂದು ಸಂಜೆ ಅದೇ ತಿರುವಿನಲ್ಲಿ ಅಜ್ಜಿ ಕಾಲು ಜಾರಿ ಚಕ್ರದ ಹಿಂದೆ ಬಿದ್ದರು. ಜೀಪ್ ನಿಲ್ಲಲಿಲ್ಲ. ಮೂಡಿಗೆರೆ ಆಸ್ಪತ್ರೆ ತಲುಪುವ ಮೊದಲೇ ಅವರು ತೀರಿಹೋದರು.

ಪೊಲೀಸರು ಕೇಸು ಹಾಕಿ ಜೀಪನ್ನು ಸ್ಟೇಷನ್ನಿನ ಮುಂದೆ ನಿಲ್ಲಿಸಿಕೊಂಡರು. ನಮ್ಮನಮ್ಮೊಳಗೆ ಮಾತಾಡಿಕೊಂಡಿದ್ದೆವು, ಏನೂ ನೋಡಲಿಲ್ಲ ಎಂದು ಹೆಂಗಸರು ಹೇಳಿದರು. ಇವರದು ಒಂದೇ ಮಾತು, ತಟ್ಟುವುದು ಕೇಳುತ್ತಲೇ ಇತ್ತು. ಬಿದ್ದವರು ಹೇಗೆ ತಟ್ಟುತ್ತಾರೆ ಎಂದು ಊರು ಕೇಳಿತು. ಕಿವಿ ಹೋಗಿದೆ ಅಂದರು, ಫೋನಿನಲ್ಲಿದ್ದ ಅಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು?

ಬರಬರುತ್ತ ಇವರಿಗೇ ತಮ್ಮ ಕಿವಿಯ ಮೇಲಿನ ನಂಬಿಕೆ ಹೋಯಿತು. ಗೋಡೆಗೆ ಮುಖ ಮಾಡಿ ಕೂತು, ನನ್ನನ್ನು ಅಡುಗೆಮನೆಗೆ ಕಳಿಸಿ, ಅಕ್ಕಿ ಡಬ್ಬ ತಟ್ಟು ಎನ್ನುವರು. ನಾನು ನಿಲ್ಲಿಸಿದ ಕೂಡಲೇ ಕೈ ಎತ್ತುವರು. ಒಮ್ಮೆಯೂ ತಪ್ಪುತ್ತಿರಲಿಲ್ಲ, ಆದರೂ ಮಾರನೇ ದಿನ ಮತ್ತೆ ಅದೇ. ಗಟ್ಟಿಮುಟ್ಟಾದ ಗಂಡಸು ಹೀಗೆ ಕೂತಿರುವುದನ್ನು ನೋಡಿ ನಾನು ಡಬ್ಬ ತಟ್ಟುತ್ತಲೇ ಅಳುತ್ತಿದ್ದೆ.

ಇವರ ಕಿವಿ ಸರಿಯಿದ್ದರೆ ಅಂದು ತಟ್ಟಿದ ಕೈ ಇನ್ಯಾರದೋ ಇರಲೇಬೇಕಲ್ಲ. ಜೀಪಿನಲ್ಲಿ ಹಿಂಬಾಗಿಲಿಗೆ ಒತ್ತಿ ಕೂರುತ್ತಿದ್ದವಳು ಅಜ್ಜಿಯ ಸೊಸೆ ರಂಜನಾ. ಜಗಳಕ್ಕೆ ಸೆರಗು ಕಟ್ಟಿಕೊಂಡೇ ನಾನು ಅವಳ ಮನೆಗೆ ಹೋದೆ. ಅವಳು ಅಂಗಳದಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡವಳೇ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಎದ್ದು ಬಂದಳು. ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ.

"ನಾನೇ ತಟ್ಟಿದ್ದು ಜೊಹರಕ್ಕ. ಅವತ್ತು ಕೆಲ್ಸ ಬಿಡೋದು ತಡ ಆಗಿತ್ತು. ಎದೆ ಹಾಲು ಕಟ್ಟಿ ನೋಯ್ತಿತ್ತು, ಮನೇಲಿ ಮಗು ಒಂದೇ ಸಮ ಅಳ್ತಿರುತ್ತೆ ಅಂತ ಜೀವ ಹೊಡ್ಕೊಳ್ತಿತ್ತು. ಬೇಗ ಹಿಂದೆ ತೆಗೀಲಿ ಅಂತ ಅತ್ತೆ ತಟ್ದ ಹಾಗೇ ನಾನೂ ಒಳಗಿಂದ ತಟ್ಟಿದೆ. ಅವ್ರು ಬಿದ್ದಿದ್ದು ನಂಗೆ ಗೊತ್ತೇ ಆಗ್ಲಿಲ್ಲ."

ಗಂಡನಿಗೂ ಹೇಳಿರಲಿಲ್ಲವಂತೆ. ಅವಳನ್ನು ನೋಡಿ ಕನಿಕರವಾಯಿತು. ಸುಳ್ಳೇಕೆ ಹೇಳಲಿ, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಸ್ಟೇಷನ್ನಿನ ಮಾತು ಆಮೇಲೆ ನೋಡೋಣ, ಮೊದಲು ನಮ್ಮ ಮನೆಯವರಿಗೆ ಇದನ್ನು ನಿನ್ನ ಬಾಯಿಂದ ಹೇಳು ಎಂದೆ. ಮಗುವನ್ನು ಸೊಂಟಕ್ಕೇರಿಸಿಕೊಂಡವಳ ಕೈಹಿಡಿದು, ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ದಾರಿಯುದ್ದಕ್ಕೂ ಬಿಡದೆ ಕರೆತಂದೆ.

ಇವರು ಪೂರ್ತಿ ಕೇಳಿಸಿಕೊಂಡರು. ಜೀಪ್ ನಿಲ್ಲುವವರೆಗೂ ತಟ್ಟುತ್ತಿದ್ದೆಯಾ ಎಂದು ಮಾತ್ರ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

"ಆಯ್ತಮ್ಮ. ಮಗೂಗೆ ಬಿಸ್ಲು ತಾಗ್ತಿದೆ, ಮನೆಗೆ ಹೋಗು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಹೋದ ಮೇಲೆ ನಾನು ಚಹಾ ಮಾಡಿದೆ. ಎಷ್ಟೋ ದಿನಗಳ ನಂತರ ಎದೆ ಹಗುರಾಗಿತ್ತು. ನಿಮ್ಮ ಕಿವಿ ಸರಿಯಾಗಿಯೇ ಇದೆ, ನೀವು ಕೇಳಿದ್ದೂ ಸರಿ, ಬ್ರೇಕ್ ಒತ್ತದೇ ಇದ್ದದ್ದೂ ಸರಿ, ಇನ್ನಾದರೂ ಎದ್ದು ಮುಖ ತೊಳೆಯಿರಿ ಎಂದೆ. ಇವರು ಲೋಟ ಮುಟ್ಟಲಿಲ್ಲ.

"ಅಜ್ಜಿಗೂ ಕೇಳ್ತಿತ್ತಲ್ಲ ಜೊಹರಾ."

ನನಗೆ ಅರ್ಥವಾಗಲಿಲ್ಲ. ಏನು ಕೇಳುತ್ತಿತ್ತು ಎಂದೆ.

"ತಟ್ಟೋದು ನಿಂತ್ರೆ ನಾನು ನಿಲ್ಲಿಸ್ತೀನಿ ಅಂತ ಅವ್ರಿಗೆ ಗೊತ್ತಿತ್ತು. ಬಿದ್ದಾಗ ಹೆದರಿರ್ಲಿಕ್ಕಿಲ್ಲ. ಕೈ ತೆಗ್ದಾಯ್ತು, ಇವ್ನು ಈಗ ನಿಲ್ಲಿಸ್ತಾನೆ ಅಂದ್ಕೊಂಡಿರ್ತಾರೆ. ಅಷ್ಟ್ರಲ್ಲಿ ಮೇಲೆ ತಟ್ಟೋದು ಕೇಳಿದೆ. ನಾನು ನಿಲ್ಸೋದಿಲ್ಲ ಅಂತ ಅವ್ರಿಗೆ ಅಲ್ಲಿ ಬಿದ್ಕೊಂಡೇ ಗೊತ್ತಾಗಿದೆ."

ಅಲ್ಲಿಯವರೆಗೆ ನನಗೆ ಅದು ಹೊಳೆದೇ ಇರಲಿಲ್ಲ. ಇವರಿಗೆ ಇಷ್ಟು ದಿನ ಇದ್ದದ್ದು ಕಿವಿಯ ಸಂಶಯ ಒಂದೇ. ಉಳಿದದ್ದನ್ನು ನಾನೇ ಕೈಹಿಡಿದು ಮನೆಗೆ ಕರೆತಂದಿದ್ದೆ.